ತಜ್ಞರ ಉತ್ತರ: ಅಂಗಡಿಯವರು ಹೇಳಿದ 200 ವರ್ಷದ ಪಂಜುರ್ಲಿ

ಪ್ರಶ್ನೆ: ಬೆಂಗಳೂರಿನ ಹಳೆ ವಸ್ತುಗಳ ಅಂಗಡಿಯೊಂದರಲ್ಲಿ ಮರದ ಹಂದಿಯೊಂದನ್ನು ಕೊಂಡೆ. ಉದ್ದ ಸುಮಾರು ಎರಡಡಿ. ಕೋರೆಹಲ್ಲು, ಹೊರಗೆ ಚಾಚಿದ ನಾಲಗೆ, ಕೆಂಪು ಕಪ್ಪು ಬಣ್ಣ. "ತುಳುನಾಡಿನ ಹಂದಿ ದೈವ ಪಂಜುರ್ಲಿ, ಹಲಸಿನ ಮರದ್ದು, 200 ವರ್ಷ ಹಳೆಯದು" ಎಂದರು. ಮೈಮೇಲೆ ಸಣ್ಣ ತೂತುಗಳಿವೆ. ಈಗ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದೆ. ಇದು ನಿಜಕ್ಕೂ ಅಷ್ಟು ಹಳೆಯದಾ? ಕಾರ್ಬನ್ ಪರೀಕ್ಷೆ ಮಾಡಿಸಬೇಕಾ? ಭೂತವನ್ನು (ತುಳುನಾಡಿನಲ್ಲಿ ದೈವಕ್ಕೆ ಭೂತ ಎಂದೂ ಹೇಳುತ್ತಾರೆ) ಮನೆಯೊಳಗೆ ಇಡಬಾರದು ಅಂತ ನಮ್ಮ ಅತ್ತೆ ಹೇಳುತ್ತಿದ್ದಾರೆ. ಮುಂದಿನ ವರ್ಷ ನಾವು ಜರ್ಮನಿಗೆ ಹೋಗುತ್ತೇವೆ. ಇದನ್ನೂ ತೆಗೆದುಕೊಂಡು ಹೋಗಬಹುದಾ? ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸುವ ಮುಂಚೆಯೇ ಆ ಹಂದಿಯನ್ನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿಡಿ. ಪಕ್ಕದಲ್ಲಿ ಮರದ ಪೀಠೋಪಕರಣ, ಬಿದಿರಿನ ಬುಟ್ಟಿ ಇದ್ದರೆ ದೂರ ಸರಿಸಿ. ಕಾರಣ ಆಮೇಲೆ ಹೇಳುತ್ತೇನೆ.

ಇನ್ನು ವಯಸ್ಸಿನ ವಿಷಯ. ನಿಮ್ಮ ಹಂದಿಗೆ 200 ವರ್ಷ ಆಗಿಲ್ಲ. ನೂರೂ ಆಗಿರಲಿಕ್ಕಿಲ್ಲ. ಫೋಟೊ ನೋಡಿ ನನಗೆ ಅನ್ನಿಸಿದ್ದು, ಇದನ್ನು ಕೆತ್ತಿ ಹತ್ತಿಪ್ಪತ್ತು ವರ್ಷದ ಮೇಲೆ ಆಗಿಲ್ಲ. ಅಂಗಡಿಯವರು ತೂತುಗಳನ್ನೇ ಹಳತನದ ಸಾಕ್ಷಿ ಎಂದು ತೋರಿಸಿರುತ್ತಾರೆ. ತಮಾಷೆ ಅಂದರೆ, ಆ ತೂತುಗಳೇ ಅವರ ಮಾತನ್ನು ಸುಳ್ಳು ಮಾಡುತ್ತಿವೆ.

ಹಣೆಯ ಮೇಲಿನ ತೂತುಗಳನ್ನು ಗಮನಿಸಿ. ಎಲ್ಲವೂ ಒಂದೇ ಅಳತೆ. ಎಲ್ಲವೂ ನೆಟ್ಟಗೆ ಒಳಗೆ ಹೋಗಿವೆ. ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ. ಯಾವ ಹುಳವೂ ಇಷ್ಟು ಶಿಸ್ತಾಗಿ ಕೊರೆಯುವುದಿಲ್ಲ. ಅದು ಸಣ್ಣ ಡ್ರಿಲ್ಲಿನ ಕೆಲಸ. ಅನುಮಾನ ಇದ್ದರೆ ತೆಳ್ಳನೆಯ ತಂತಿಯೊಂದನ್ನು ಒಳಗೆ ಬಿಟ್ಟು ನೋಡಿ. ಡ್ರಿಲ್ಲಿನ ತೂತಾದರೆ ತಂತಿ ಸೀದಾ ಹೋಗಿ ನಿಲ್ಲುತ್ತದೆ. ಹುಳ ಕೊರೆದದ್ದಾದರೆ ಸ್ವಲ್ಪ ಒಳಗೆ ಹೋಗುತ್ತಲೇ ದಾರಿ ತಿರುಗುತ್ತದೆ, ತಂತಿ ಸಿಕ್ಕಿಕೊಳ್ಳುತ್ತದೆ.

ಹಿಂಗಾಲಿನ ಹತ್ತಿರದ ತೂತುಗಳು ಮಾತ್ರ ಅಸಲಿ. ಅಲ್ಲಿ ಇನ್ನೂ ಒಂದು ವಿಷಯ ಇದೆ. ತೊಡೆಯ ಉಬ್ಬಿನ ಮೇಲೆ ಉದ್ದಕ್ಕೆ ಸಣ್ಣ ಕಾಲುವೆಗಳಂಥ ಗೆರೆಗಳು ಕಾಣುತ್ತಿವೆ ಅಲ್ವಾ? ಅವು ಹುಳದ ಸುರಂಗಗಳು. ಕುಟ್ಟೆ ಹುಳ ಮರದೊಳಗೇ ತಿಂದುಕೊಂಡು ಓಡಾಡುತ್ತದೆ. ಬೆಳೆದು ರೆಕ್ಕೆ ಬಂದ ಮೇಲೆ ಹೊರಗೆ ಬರಲು ಒಂದು ತೂತು ಮಾಡುತ್ತದೆ. ಹಾಗಾಗಿ ಹೊರಗಿನಿಂದ ನಮಗೆ ಕಾಣಬೇಕಾದದ್ದು ಗುಂಡನೆಯ ತೂತು ಮಾತ್ರ. ಸುರಂಗದ ಉದ್ದವೇ ಮೇಲ್ಮೈಯಲ್ಲಿ ತೆರೆದುಕೊಂಡಿದೆ ಎಂದರೆ, ಹುಳ ತಿಂದ ಮೇಲೆ ಯಾರೋ ಆ ಮರವನ್ನು ಕೆತ್ತಿದ್ದಾರೆ. ಉಳಿ ಸುರಂಗವನ್ನು ಸೀಳಿಕೊಂಡು ಹೋಗಿದೆ. ಮೊದಲು ಹುಳ, ಆಮೇಲೆ ಹಂದಿ. ಎಲ್ಲೇ ಹಳೆ ಮರದ ಮೂರ್ತಿ ಕೊಳ್ಳುವುದಿದ್ದರೂ ನಾನು ಮೊದಲು ಹುಡುಕುವುದು ಈ ಗೆರೆಗಳನ್ನೇ.

ಈಗಲೂ ಪುಡಿ ಉದುರುತ್ತಿದೆ ಎನ್ನುತ್ತೀರಿ. ಹಿಟ್ಟಿನಂಥ ನಯವಾದ ಪುಡಿ ಬೀಳಿಸುವ ಹುಳಕ್ಕೆ ಬೇಕಾದದ್ದು ಮರದಲ್ಲಿರುವ ಪಿಷ್ಟ. ಅದು ಇರುವುದು ಕಾಂಡದ ಹೊರಗಿನ ಬಿಳಿ ಭಾಗದಲ್ಲಿ. ಮರ ಕಡಿದು ವರ್ಷಗಳು ಕಳೆದಂತೆ ಪಿಷ್ಟ ಕಡಿಮೆಯಾಗುತ್ತದೆ, ಹುಳಕ್ಕೂ ರುಚಿ ಹೋಗುತ್ತದೆ. ಸಾಮಾನ್ಯವಾಗಿ ಈ ಹುಳ ಕಾಣಿಸಿಕೊಳ್ಳುವುದು ಕಡಿದು ಹತ್ತು ಹದಿನೈದು ವರ್ಷದೊಳಗಿನ ಮರದಲ್ಲಿ. ಎರಡು ಶತಮಾನ ದಾಟಿದ ಮರದಲ್ಲಿ ಈಗ ಹೊಸದಾಗಿ ಹಬ್ಬ ಮಾಡುತ್ತಿದೆ ಎಂದರೆ ನಂಬುವುದು ಕಷ್ಟ.

ಹಲಸಿನ ಮರ ಇರಬಹುದು, ಅದರಲ್ಲಿ ತಕರಾರಿಲ್ಲ. ಕರಾವಳಿಯಲ್ಲಿ ದೈವದ ಮೂರ್ತಿಗಳಿಗೆ ಹಲಸೇ ಹೆಚ್ಚು ಬಳಕೆ. ಆದರೆ ದೈವಸ್ಥಾನಕ್ಕೆ ಕೆತ್ತುವ ಆಚಾರಿಗಳು ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ತೆಗೆದುಹಾಕುತ್ತಾರೆ. ಒಳಗಿನ ಹಳದಿ ಚೇಗಿನಲ್ಲೇ ಕೆತ್ತನೆ. ಆ ಚೇಗು ಗಟ್ಟಿ. ಗೆದ್ದಲೂ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಕಡಿದಾಗ ಹಳದಿಯಾಗಿದ್ದದ್ದು ಗಾಳಿ ಬೆಳಕು ತಾಗಿ ಬರಬರುತ್ತಾ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಹಂದಿಯ ಹಿಂಭಾಗ ಪೂರ್ತಿ ಬಿಳಿ ಭಾಗದಲ್ಲೇ ಬಂದಿದೆ. ಮಾರಾಟಕ್ಕೆ ಕೆತ್ತುವವರು ಮರ ವ್ಯರ್ಥ ಮಾಡಲು ಇಷ್ಟಪಡುವುದಿಲ್ಲ. ಅದು ತಪ್ಪೂ ಅಲ್ಲ, ಲೆಕ್ಕಾಚಾರ.

ಬಣ್ಣವನ್ನೂ ನೋಡಿ. ಕುತ್ತಿಗೆಯ ಬಳಿ ಒಂದು ಬಿರುಕು ಇದೆ. ಕೆಂಪು ಬಣ್ಣ ಆ ಬಿರುಕಿನೊಳಗೆ ಇಳಿದಿದೆ. ಅಂದರೆ ಬಣ್ಣ ಬಳಿಯುವ ಹೊತ್ತಿಗೆ ಬಿರುಕು ಆಗಲೇ ಇತ್ತು. ನಿಜವಾಗಿ ಹಳೆಯದಾದ ಮೂರ್ತಿಯಲ್ಲಿ ಮರ ನಿಧಾನವಾಗಿ ಒಣಗಿ, ಕುಗ್ಗಿ, ಬಣ್ಣದ ಪದರವನ್ನೂ ಸೇರಿಸಿಕೊಂಡು ಒಡೆಯುತ್ತದೆ. ಬಿರುಕಿನ ಅಂಚಿನಲ್ಲಿ ಬಣ್ಣ ಕತ್ತರಿಸಿದಂತೆ ನಿಲ್ಲುತ್ತದೆ, ಒಳಗೆ ಬರಿಯ ಮರ ಕಾಣುತ್ತದೆ. ಪೂಜೆಯಲ್ಲಿದ್ದ ಮೂರ್ತಿಗೆ ಕಾಲಕಾಲಕ್ಕೆ ಮರುಬಣ್ಣವೂ ಆಗಿರುತ್ತದೆ. ಚಕ್ಕೆ ಎದ್ದ ಕಡೆ ಭೂತಗನ್ನಡಿ ಹಿಡಿದರೆ ಒಂದರ ಕೆಳಗೆ ಒಂದು ಪದರ ಕಾಣಬೇಕು: ಮೇಲೆ ಡಬ್ಬಿಯ ಎನಾಮೆಲ್ ಬಣ್ಣ, ಕೆಳಗೆ ಕಾವಿ, ಸುಣ್ಣ, ಮಸಿಯಂಥ ಮಾಸಲು ಬಣ್ಣಗಳು. ನಿಮ್ಮದರಲ್ಲಿ ಒಂದೇ ಪದರ, ಅದರ ಕೆಳಗೆ ನೇರವಾಗಿ ಮರ.

ಕಿವಿ ಸೇರಿಸಿರುವ ಜಾಗದಲ್ಲಿ ಬಿಳಿ ಗೋಂದು ಹೊರಗೆ ಒಸರಿ ಗಟ್ಟಿಯಾಗಿದೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ರಿಪೇರಿಗೆ ಬಳಸಿದ್ದು ಎಂದು ಅಂಗಡಿಯವರು ವಾದಿಸಬಹುದು. ಎರಡೂ ಕಿವಿಗೆ, ಬಾಲಕ್ಕೆ, ನಾಲಗೆಗೆ, ಎಲ್ಲಕ್ಕೂ ಒಂದೇ ಸಲ ರಿಪೇರಿ ಬಂತಾ ಎಂದು ಕೇಳಿ.

ಕಾರ್ಬನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಆ ಪರೀಕ್ಷೆ ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು. ಕೆತ್ತಿದ ಕಾಲವನ್ನು ಅದು ಹೇಳುವುದಿಲ್ಲ. ಹಳೆ ಮನೆಯ ತೊಲೆಯಿಂದ ನಿನ್ನೆ ಕೆತ್ತಿದರೂ ತೊಲೆಯ ವಯಸ್ಸೇ ಬರುತ್ತದೆ. ಇನ್ನೂ ದೊಡ್ಡ ತೊಂದರೆ ಇದೆ. ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ವಾತಾವರಣದ ಕಾರ್ಬನ್ ಪ್ರಮಾಣ ಏರಿಳಿದಿದೆ. ಅದರಿಂದ ಈ 300 ವರ್ಷಗಳ ಒಳಗಿನ ವಸ್ತುವಿಗೆ ಒಂದೇ ಖಚಿತ ಉತ್ತರ ಬರುವುದಿಲ್ಲ. "1680 ಇರಬಹುದು, 1780 ಇರಬಹುದು, 1900ರ ನಂತರವೂ ಇರಬಹುದು" ಎಂಬಂಥ ವರದಿ ಕೈಗೆ ಬರುತ್ತದೆ. ನಿಮಗೆ ಬೇಕಾದ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಹಾಗಾದರೆ ಅಸಲಿ ಹೇಗಿರುತ್ತದೆ? ನೋಡಬೇಕೆಂದಿದ್ದರೆ ಉಡುಪಿ ಜಿಲ್ಲೆಯ ಬಾರ್ಕೂರಿನ ಹತ್ತಿರ, ಶಿರಿಯಾರದ ಮೆಕ್ಕೆಕಟ್ಟಿಗೆ ಹೋಗಿ. ಅಲ್ಲಿಯ ನಂದಿಕೇಶ್ವರನ ಗುಡಿಯಲ್ಲಿ ಮರದ ಮೂರ್ತಿಗಳು ಸಾಲುಸಾಲಾಗಿ ನಿಂತಿವೆ. ನಂದಿ, ಹುಲಿ, ಕುದುರೆ ಏರಿದವರು, ಆಯುಧ ಹಿಡಿದ ಪರಿವಾರದವರು, ಎಲ್ಲ ಕೆಂಪು ಹಳದಿಯ ಗಾಢ ಬಣ್ಣದಲ್ಲಿ. ಅವೂ ಕಳೆದ ಶತಮಾನದಲ್ಲಿ ಹೊಸದಾಗಿ ಮಾಡಿಸಿದವು. ಅವಕ್ಕಿಂತ ಹಳೆಯ ಮೂರ್ತಿಗಳು ಈಗ ದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದಲ್ಲಿವೆ. ಅಲ್ಲಿ ಭೂತಗಳಿಗೇ ಒಂದು ವಿಭಾಗ ಇದೆ. ಎರಡನ್ನೂ ನೋಡಿದವರಿಗೆ ಅಂಗಡಿಯ ಸರಕು ಬೇರೆಯೇ ಎಂದು ಗೊತ್ತಾಗಿಬಿಡುತ್ತದೆ. ದೆಹಲಿಯಲ್ಲಿರುವವುಗಳ ಬಣ್ಣ ಬಹುಪಾಲು ಹೋಗಿದೆ, ಮರವೇ ಎದುರಿಗೆ ನಿಂತಂತಿದೆ. ಸವೆತ ಕೂಡ ಸುಮ್ನೆ ಎಲ್ಲೆಂದರಲ್ಲಿ ಆಗುವುದಿಲ್ಲ. ನೆಲದ ತೇವ ಹೀರಿದ ಪಾದದ ಕಡೆ ಜಾಸ್ತಿ, ದೀಪದ ಹೊಗೆ ಎಣ್ಣೆ ತಾಗಿದ ಮುಂಭಾಗದಲ್ಲಿ ಒಂದು ರೀತಿ, ಗೋಡೆಗೆ ಒರಗಿದ್ದ ಬೆನ್ನಿನಲ್ಲಿ ಇನ್ನೊಂದು ರೀತಿ. ಬೆನ್ನಿನಲ್ಲಿ ಬಾಚಿಯ ಏಟುಗಳು ಹಾಗೇ ಉಳಿದಿರುತ್ತವೆ, ಯಾರೂ ನೋಡದ ಕಡೆ ನುಣುಪು ಮಾಡುವ ಗೋಜಿಗೆ ಹೋಗಿರುವುದಿಲ್ಲ. ನಿಮ್ಮ ಹಂದಿ ಮೂಗಿನಿಂದ ಬಾಲದವರೆಗೆ ಒಂದೇ ಸಮ ಸವೆದಿದೆ. ಹೊಟ್ಟೆಯ ಕೆಳಗೂ ಸವೆದಿದೆ. ಅಲ್ಲಿ ಯಾರ ಕೈ ಹೋಗುತ್ತಿತ್ತು?

ಹಳೆಯವು ಊರು ಬಿಟ್ಟು ಹೊರಗೆ ಬರುವುದಕ್ಕೂ ಒಂದು ಹಿನ್ನೆಲೆ ಇದೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆ ತೇವದಲ್ಲಿ ಮರ ಎಷ್ಟು ಗಟ್ಟಿಯಾಗಿದ್ದರೂ ಒಂದು ದಿನ ಜೀರ್ಣವಾಗುತ್ತದೆ. ಆಗ ಮರ ಮುಹೂರ್ತ ಮಾಡಿ ಹೊಸ ಮರ ಕಡಿಯುತ್ತಾರೆ. ಹೊಸ ಮೂರ್ತಿ ಕೆತ್ತಿಸಿ ದೈವವನ್ನು ಅದರಲ್ಲಿ ಪ್ರತಿಷ್ಠೆ ಮಾಡುತ್ತಾರೆ. ಹಳೆಯದನ್ನು ಸಾಮಾನ್ಯವಾಗಿ ನೀರಿಗೆ ಬಿಡುತ್ತಾರೆ, ಇಲ್ಲವೇ ಒಂದು ಕಡೆ ಇಟ್ಟು ತಾನಾಗಿ ಮಣ್ಣಾಗಲು ಬಿಡುತ್ತಾರೆ. ಹಾಗೆ ಬಿಟ್ಟವುಗಳ ಮೇಲೆ ವ್ಯಾಪಾರಿಗಳ ಕಣ್ಣು ಬಿತ್ತು. ಕೆಲವು ಸಂಗ್ರಹಾಲಯ ಸೇರಿದವು, ಕೆಲವು ಹೊರದೇಶಕ್ಕೆ ಹೋದವು. ಕದ್ದು ಸಾಗಿಸಿದ್ದೂ ಉಂಟು. ಹೀಗೆ ಹೊರಬಂದ ಅಸಲಿಗಳ ಸಂಖ್ಯೆಗೆ ಮಿತಿ ಇದೆ. ಬೇಡಿಕೆಗೆ ಇಲ್ಲ. 2022ರಲ್ಲಿ ಬಂದ ಸಿನಿಮಾ ಒಂದರ ನಂತರವಂತೂ ಪಂಜುರ್ಲಿ ಮುಖ ಇಲ್ಲದ ಕಾಫಿ ಅಂಗಡಿ ಹುಡುಕಬೇಕಾಗಿದೆ. ಕೊರತೆಯನ್ನು ತುಂಬಲು ಹೊಸದನ್ನು ಹಳೆಯದು ಮಾಡುತ್ತಾರೆ: ಹೊಗೆಗೆ ಹಿಡಿಯುವುದು, ಮಣ್ಣಿನಲ್ಲಿ ಹೂಳುವುದು, ಪೊಟ್ಯಾಶಿಯಂ ಪರ್ಮಾಂಗನೇಟ್ ಬಳಿಯುವುದು, ಮೇಲೆ ಬೂಟ್ ಪಾಲಿಶ್ ತಿಕ್ಕುವುದು.

ಈಗ ನಿಮ್ಮ ಅತ್ತೆಯವರ ಮಾತು. ಇದನ್ನು ನಗುತ್ತಾ ತಳ್ಳಿಹಾಕುವುದು ಬೇಡ.

ಪಂಜುರ್ಲಿ ಅಂದರೆ ತುಳುನಾಡಿನಲ್ಲಿ ಹಂದಿ ರೂಪದ ದೈವ. ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದಲ್ಲಿ ಕಥೆ ಹೀಗೆ ಬರುತ್ತದೆ: ಕೈಲಾಸದಲ್ಲಿ ಪಾರ್ವತಿ ಒಂದು ಹಂದಿಮರಿಯನ್ನು ಮುದ್ದಾಗಿ ಸಾಕುತ್ತಾಳೆ. ಅದು ಬೆಳೆದು ಶಿವನ ತೋಟವನ್ನೆಲ್ಲ ಹಾಳು ಮಾಡುತ್ತದೆ. ಶಿವ ಸಿಟ್ಟಿನಲ್ಲಿ ಕೊಲ್ಲುತ್ತಾನೆ. ಪಾರ್ವತಿ ದುಃಖಪಡುವುದನ್ನು ನೋಡಲಾಗದೆ ಮತ್ತೆ ಜೀವ ಕೊಟ್ಟು, ಜನರನ್ನು ಕಾಯಿ ಎಂದು ಭೂಮಿಗೆ ಕಳಿಸುತ್ತಾನೆ. ಹೊಲಕ್ಕೆ ನುಗ್ಗಿ ಬೆಳೆ ತಿನ್ನುವ ಪ್ರಾಣಿಯನ್ನೇ ಬೆಳೆ ಕಾಯುವ ದೈವವಾಗಿ ನಂಬಿದ ಊರು ಅದು. ಹುಲಿಯ ರೂಪದ ಪಿಲಿಚಾಮುಂಡಿ, ಜಾನುವಾರಿನ ಮೊಗದ ಮೈಸಂದಾಯ, ಎತ್ತಿನ ರೂಪದ ನಂದಿಗೋಣ, ಹೀಗೆ ಅಲ್ಲಿ ಪ್ರಾಣಿಗಳ ದೊಡ್ಡ ಬಳಗವೇ ಇದೆ. ಗರಡಿಗಳಲ್ಲಿ, ಅಂದರೆ ಕೋಟಿ ಚೆನ್ನಯರ ಗುಡಿಗಳಲ್ಲಿ, ಬೆರ್ಮೆರ್ ಎಂಬ ದೈವ ಕುದುರೆ ಏರಿರುತ್ತದೆ. ಅಂದಹಾಗೆ ಗುಳಿಗ ಎಂಬ ದೈವಕ್ಕೆ ಹೆಚ್ಚಾಗಿ ಮರದ ಕೆಳಗೆ ಒಂದು ಕಲ್ಲು ಇರುತ್ತದೆ, ಅಷ್ಟೇ. "ಪುರಾತನ ಗುಳಿಗನ ಮರದ ಮೂರ್ತಿ" ಅಂತ ಯಾರಾದರೂ ತೋರಿಸಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಕೆತ್ತಿದ ಮಾತ್ರಕ್ಕೆ ಮರ ದೈವವಾಗುವುದಿಲ್ಲ ಎಂಬುದನ್ನು ಆ ಕಡೆಯ ಹಿರಿಯರೇ ಹೇಳುತ್ತಾರೆ. ಪ್ರತಿಷ್ಠೆ ಆಗಬೇಕು, ಭಂಡಾರ (ದೈವದ ಒಡವೆ, ಆಯುಧಗಳು) ಇರಬೇಕು, ಕಟ್ಟುಕಟ್ಟಳೆ ನಡೆಯಬೇಕು, ಕೋಲ (ದೈವ ಮೈಮೇಲೆ ಬಂದು ಕುಣಿಯುವ ಆಚರಣೆ) ಆಗಬೇಕು. ಮಾರಲೆಂದೇ ಕೆತ್ತಿದ ನಿಮ್ಮ ಹಂದಿಗೆ ಇದ್ಯಾವುದೂ ಆಗಿಲ್ಲ. ಅದೊಂದು ಕೆತ್ತನೆ. ಅತ್ತೆಯವರಿಗೆ ಇಷ್ಟು ಹೇಳಿ ನೋಡಿ. ಆದರೂ ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಅದೇ ಮನೆಯಲ್ಲಿ ಅವರೂ ಇರಬೇಕಲ್ಲ. ಇಡುವುದಾದರೆ ಚಪ್ಪಲಿ ಸ್ಟ್ಯಾಂಡಿನ ಮೇಲೋ, ಬಚ್ಚಲ ಬಾಗಿಲ ಪಕ್ಕವೋ ಇಡಬೇಡಿ. ಟೋಪಿ ನೇತುಹಾಕಲು ಬಳಸಬೇಡಿ. ಕರಾವಳಿಯವರು ನಿಮ್ಮ ಮನೆಗೆ ಬಂದಾಗ ನೋವಾಗುವಂತೆ ಇರದಿದ್ದರೆ ಸಾಕು.

ಒಂದು ವೇಳೆ ಈ ಮೂರ್ತಿಯ ಮೇಲೆ ಎಣ್ಣೆ, ಅರಿಶಿನ, ಕುಂಕುಮದ ದಪ್ಪ ಪದರ ಇದ್ದಿದ್ದರೆ, ಪೀಠದಿಂದ ಕಿತ್ತ ಗುರುತು ಇದ್ದಿದ್ದರೆ, ನನ್ನ ಉತ್ತರ ಬೇರೆ ಆಗುತ್ತಿತ್ತು. ಆಗ ಮೊದಲ ಪ್ರಶ್ನೆ ವಯಸ್ಸಿನದಾಗಿರುತ್ತಿರಲಿಲ್ಲ. ಯಾವ ಊರಿನಿಂದ, ಯಾರ ಒಪ್ಪಿಗೆಯಿಂದ ಹೊರಬಂತು ಎಂದು ಕೇಳಬೇಕಾಗುತ್ತಿತ್ತು.

ಹುಳದ ಕಥೆಗೆ ಬರೋಣ. ಚೀಲದೊಳಗೆ ಇಟ್ಟಿರಾ? ಇಷ್ಟರಿಂದಲೇ ಹುಳ ಸಾಯುವುದಿಲ್ಲ, ಬೇರೆ ಕಡೆ ಹಾರುವುದು ತಪ್ಪುತ್ತದೆ. ಹುಳ ಈಗಲೂ ಬದುಕಿದೆಯಾ ಎಂದು ನೋಡಲು ಚೀಲದೊಳಗೆ ಕೆಳಗೆ ಕಪ್ಪು ಕಾಗದ ಹಾಸಿ. ಹಳೆ ತೂತಿನಲ್ಲಿದ್ದ ಪುಡಿ ಕೂಡ ಅಲುಗಾಡಿಸಿದಾಗ ಉದುರುತ್ತದೆ. ಅದಕ್ಕೇ ಮೂರ್ತಿಯನ್ನು ಮುಟ್ಟದೆ ಕೆಲವು ವಾರ ಬಿಡಿ. ಕಾಗದದ ಮೇಲೆ ಹೊಸ ಗುಪ್ಪೆಗಳು ಕಂಡರೆ ಒಳಗೆ ಊಟ ನಡೆಯುತ್ತಿದೆ.

ಆಗ ಒಳ್ಳೆಯ ದಾರಿ ತಣ್ಣಗಿಡುವುದು. ಸಂಗ್ರಹಾಲಯಗಳಲ್ಲೂ ಇದನ್ನು ಮಾಡುತ್ತಾರೆ. ಮೂರ್ತಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಪದರ ಪಾಲಿಥೀನ್ ಹಾಕಿ, ಗಾಳಿ ಆದಷ್ಟು ತೆಗೆದು ಟೇಪ್ ಹಚ್ಚಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಎರಡು ವಾರ ಬೇಕು. ಎರಡಡಿ ಹಂದಿ ಮನೆಯ ಫ್ರೀಜರಿನಲ್ಲಿ ಹಿಡಿಸುವುದಿಲ್ಲ, ಗೊತ್ತು. ಐಸ್‌ಕ್ರೀಂ ಇಡುವ ಪೆಟ್ಟಿಗೆ ಫ್ರೀಜರ್ ಇರುವ ಪರಿಚಯದವರನ್ನು ಹುಡುಕಿ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ಒಂದು ಪೂರ್ತಿ ದಿನ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣಗಿನ ಮರದ ಮೇಲೆ ನೀರು ಹನಿಗಟ್ಟಿ ಬಣ್ಣ ಹಾಳಾಗುತ್ತದೆ. ಬಣ್ಣ ಆಗಲೇ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮರದ ವಸ್ತುಗಳ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ.

ಸೀಮೆಎಣ್ಣೆ ಸುರಿಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಬಣ್ಣ ಕರಗುತ್ತದೆ, ಕಲೆ ಉಳಿಯುತ್ತದೆ, ಬೆಂಕಿಯ ಭಯ ಬೇರೆ. ಬಿಸಿಲಿಗೂ ಇಡಬೇಡಿ, ಒಂದೇ ದಿನದಲ್ಲಿ ಮರ ಬಿರಿಯಬಹುದು. ಹೊಳಪು ಬರಲಿ ಎಂದು ತೆಂಗಿನೆಣ್ಣೆ, ವಾರ್ನಿಷ್ ಹಚ್ಚುವುದೂ ಬೇಡ. ಮೆತ್ತನೆಯ ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು.

ಕೊನೆಗೆ ಜರ್ಮನಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಮರದ ಶಿಲ್ಪವೂ ಸೇರಿತು. ಅಂಥದ್ದನ್ನು ಮಾರುವವರಿಗೆ ಪರವಾನಗಿ ಇರಬೇಕು. ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ, ಉಡುಗೊರೆ ಎಂದರೂ ಇಲ್ಲ. ಈಗ ಅಂಗಡಿಯವರ ಸ್ಥಿತಿ ನೋಡಿ. 200 ವರ್ಷ ಎಂಬುದು ನಿಜವಾದರೆ ನೋಂದಣಿ ಪತ್ರ ಎಲ್ಲಿ? ಸುಳ್ಳಾದರೆ ಆ ಬೆಲೆ ಯಾಕೆ? ಮರಳಿ ಹೋಗಿ ಬಿಲ್ಲಿನಲ್ಲಿ ವಸ್ತುವಿನ ವಿವರ ಮತ್ತು ವಯಸ್ಸು ಬರೆದುಕೊಡಿ ಎಂದು ಕೇಳಿ. ಬಾಯಲ್ಲಿ 200 ಎಂದವರು ಕಾಗದದಲ್ಲಿ "ಅಲಂಕಾರಿಕ ಮರದ ಹಂದಿ" ಎಂದು ಬರೆಯುವ ಸಾಧ್ಯತೆಯೇ ಹೆಚ್ಚು. ಹಾಗೆ ಬರೆದರೆ ಹಣ ವಾಪಸ್ ಕೇಳಲು ನಿಮಗೊಂದು ಹಿಡಿ ಸಿಕ್ಕಿತು.

ವಾಪಸ್ ಕೊಡದೆ ಇಟ್ಟುಕೊಳ್ಳುವ ಮನಸ್ಸಿದ್ದರೆ ಅದೂ ಸರಿ. ಕೆತ್ತನೆ ಕೆಟ್ಟದಾಗಿಲ್ಲ. ಮೂತಿಯ ತಿರುವಿನಲ್ಲಿ, ಕೋರೆಹಲ್ಲಿನ ಬಾಗಿನಲ್ಲಿ ಪಳಗಿದ ಕೈ ಕಾಣುತ್ತದೆ. ಇದನ್ನು ಕೆತ್ತಿದವರು ಒಳ್ಳೆಯ ಕೆಲಸ ಮಾಡುವವರೇ. ಮೋಸ ಮಾಡಿದ್ದು ಆಮೇಲೆ ಡ್ರಿಲ್ ಹಿಡಿದವರು, ಅವರಿಬ್ಬರೂ ಒಬ್ಬರೇ ಆಗಿರಬೇಕೆಂದಿಲ್ಲ. ಹೊಸದು ಎಂದು ತಿಳಿದೇ ಕೊಳ್ಳುವ ಆಸೆಯಿದ್ದರೆ ಉಡುಪಿ, ಕಾರ್ಕಳ ಕಡೆ ಮರದ ಕೆಲಸದ ಆಚಾರಿಗಳ ಹತ್ತಿರ ಹೇಳಿ ಮಾಡಿಸಬಹುದು. ಮರ ಯಾವುದು, ಚೇಗಿನದ್ದಾ, ಎಷ್ಟು ಒಣಗಿದೆ ಎಂದು ಕೇಳಿ.

ವಿಮಾನ ಹತ್ತುವ ಮುಂಚೆ ಮಾತ್ರ ಒಂದು ಕಾಗದ ಬೇಕು. ಹಳೆಯದರಂತೆ ಕಾಣುವ ಮೂರ್ತಿ ಸೂಟ್‌ಕೇಸಿನಲ್ಲಿ ಕಂಡರೆ ಕಸ್ಟಮ್ಸ್‌ನವರು ತಡೆಯುತ್ತಾರೆ. ಅಲ್ಲಿ ನಿಂತು ನನ್ನ ಈ ಉತ್ತರವನ್ನು ಓದಿ ಹೇಳಿದರೆ ಪ್ರಯೋಜನ ಇಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ವಸ್ತುವನ್ನು ಪರೀಕ್ಷಿಸಿ "ಇದು ಪ್ರಾಚ್ಯವಸ್ತು ಅಲ್ಲ" ಎಂಬ ಪ್ರಮಾಣಪತ್ರ ಕೊಡುತ್ತಾರೆ. ಬೆಂಗಳೂರಿನಲ್ಲೇ ಇಲಾಖೆಯ ವಲಯ ಕಚೇರಿ ಇದೆ. ಯಾವ ದಿನ ಪರೀಕ್ಷೆ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ. ಮೂರ್ತಿ, ಎಲ್ಲ ಕಡೆಯಿಂದ ತೆಗೆದ ಫೋಟೊಗಳು, ಅಂಗಡಿಯ ಬಿಲ್ಲು ಜೊತೆಗಿರಲಿ. ಯುರೋಪಿನ ಒಕ್ಕೂಟದಲ್ಲೂ 2025ರ ಜೂನ್ 28ರಿಂದ ನಿಯಮ ಬಿಗಿಯಾಗಿದೆ. ಮೂಲ ದೇಶದ ಕಾನೂನು ಮೀರಿ ಹೊರಟ ಸಾಂಸ್ಕೃತಿಕ ವಸ್ತುಗಳನ್ನು ಅಲ್ಲಿ ಒಳಗೆ ತರುವಂತಿಲ್ಲ. ಆ ಪ್ರಮಾಣಪತ್ರದ ಮೂಲಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮತ್ತೆ, ಫ್ರೀಜರಿನ ಎರಡು ವಾರ ಮುಗಿಯದೆ ಪ್ಯಾಕ್ ಮಾಡಬೇಡಿ. ಬದುಕಿರುವ ಹುಳದ ಜೊತೆ ಮರ ಕಳಿಸಿದರೆ ಅಲ್ಲಿಯೂ ತಕರಾರು ಬರುತ್ತದೆ.